ರ‍್ಯಾಂಡಮ್ ಆಗಿ ಸೆಕ್ಷನ್ ಹಂಚಿದರೆ 75 ವಿದ್ಯಾರ್ಥಿಗಳು ಎಲ್ಲಿ ಹೋದರು?

ಪ್ರಶ್ನೆ: ನಾನು ಒಂದು ಎಂಜಿನಿಯರಿಂಗ್ ಕಾಲೇಜಿನ ಆಫೀಸಿನಲ್ಲಿ ಡೇಟಾಬೇಸ್ ನೋಡಿಕೊಳ್ಳುತ್ತೇನೆ. ನಮ್ಮದು ಎಸ್‌ಕ್ಯೂಎಲ್ ಸರ್ವರ್. ಮೊದಲ ವರ್ಷಕ್ಕೆ ಈ ಸಲ 240 ವಿದ್ಯಾರ್ಥಿಗಳು, ಅವರಲ್ಲಿ 84 ಹುಡುಗಿಯರು. ಎ, ಬಿ ಸೆಕ್ಷನ್‌ಗಳು ಮೊದಲು ಫಿಸಿಕ್ಸ್ ಸೈಕಲ್, ಸಿ, ಡಿ ಕೆಮಿಸ್ಟ್ರಿ ಸೈಕಲ್. ರ‍್ಯಾಂಡಮ್ ಆಗಿ ಹಂಚಿ ಅಂತ ಪ್ರಿನ್ಸಿಪಾಲರು ಹೇಳಿದ್ದಾರೆ. ಮೊದಲು ರ‍್ಯಾಂಡ್ ಫಂಕ್ಷನ್ ಹಾಕಿದೆ, ಅಷ್ಟೂ ಜನರಿಗೆ ಸಿ ಸೆಕ್ಷನ್ ಬಂತು! ಆಮೇಲೆ ನ್ಯೂಐಡಿ (ಕರೆದಾಗಲೆಲ್ಲ ಹೊಸ ಗುರುತುಸಂಖ್ಯೆ ಕೊಡುವ ಫಂಕ್ಷನ್) ಬಳಸಿ ಕೇಸ್ (ಇಂಥದ್ದು ಬಂದರೆ ಇದನ್ನು ಹಾಕು ಅನ್ನುವ ಆದೇಶ) ಬರೆದೆ. ಎ 63, ಬಿ 43, ಸಿ 35, ಡಿ 24, ಇನ್ನುಳಿದ 75 ಜನರ ಮುಂದೆ ನಲ್, ಅಂದರೆ ಖಾಲಿ. ಕೇಸ್ ತೆಗೆದು ನೇರವಾಗಿ ನಂಬರ್ ಹಾಕಿದಾಗ ನಲ್ ಹೋಯಿತು, ಆದರೆ 71, 58, 49, 62 ಬಂತು. ಲ್ಯಾಬಿನಲ್ಲಿ ಇರುವುದು 60 ಸೀಟು. ರನ್ ಮಾಡಿದಷ್ಟೂ ಸಲ ಲಿಸ್ಟ್ ಬೇರೆ ಬರುತ್ತದೆ. ಒಂದೇ ಪಿಯು ಕಾಲೇಜಿನಿಂದ ಬಂದ ಐವರಲ್ಲಿ ಮೂವರು ಎ ಸೆಕ್ಷನ್‌ಗೇ ಬಂದರು ಅಂತ, ನಾನು ಕೈಯಾಡಿಸಿದ್ದೇನೆ ಎಂದು ಒಬ್ಬ ಲೆಕ್ಚರರ್ ಹೇಳಿಕೊಂಡು ಓಡಾಡುತ್ತಿದ್ದಾರೆ. ಕಂಪ್ಯೂಟರ್ ಬೇಡ, ಚೀಟಿ ಎತ್ತೋಣ ಅಂತಲೂ ಅವರ ಸಲಹೆ. ಸರಿಯಾಗಿ ಕಾಣುವವರೆಗೆ ರನ್ ಮಾಡಿ ಅದನ್ನೇ ಇಟ್ಟುಕೊಂಡರೆ ತಪ್ಪಾ? ಜೊತೆಗೆ ಅವಳಿ ಅಕ್ಕ ತಂಗಿಯರಿಬ್ಬರು ಒಂದೇ ಸೆಕ್ಷನ್ ಕೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ: ನಿಮ್ಮ ಕೈಚಳಕ ಏನೂ ಇಲ್ಲ ಅಂತ ಆ 63, 43, 35, 24, 75 ಅನ್ನುವ ಲೆಕ್ಕವೇ ಸಾಕ್ಷಿ ಹೇಳುತ್ತದೆ. ಈ ಅಂಕಿಗಳನ್ನು ನೋಡಿದ ಕೂಡಲೇ ನೀವು ಕ್ವೆರಿ ಹೇಗೆ ಬರೆದಿದ್ದೀರಿ ಅಂತ ಗೊತ್ತಾಗಿಬಿಟ್ಟಿತು. ಅಲ್ಲಿಂದಲೇ ಶುರು ಮಾಡುತ್ತೇನೆ. ಕೋಡನ್ನು ಕನ್ನಡ ಅಕ್ಷರದಲ್ಲೇ ಬರೆಯುತ್ತಿದ್ದೇನೆ, ಟೈಪ್ ಮಾಡುವಾಗ ಮಾಮೂಲಿನಂತೆ ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಿ.

ಮೊದಲನೆಯದು ಸುಲಭ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ರ‍್ಯಾಂಡ್ ಫಂಕ್ಷನ್ ಇಡೀ ಕ್ವೆರಿಗೆ ಒಂದೇ ಸಲ ಓಡುತ್ತದೆ. 240 ಸಾಲು ಇರಲಿ, 2 ಕೋಟಿ ಇರಲಿ, ಒಂದು ನಂಬರ್ ಹುಟ್ಟುತ್ತದೆ, ಅದೇ ಎಲ್ಲರಿಗೂ ಅಂಟುತ್ತದೆ. ಹಾಗಾಗಿ ಎಲ್ಲರೂ ಸಿ. ಇದು ದೋಷವಲ್ಲ, ಅದನ್ನು ಮಾಡಿರುವುದೇ ಹಾಗೆ. ಮೈಎಸ್‌ಕ್ಯೂಎಲ್‌ನ ರ‍್ಯಾಂಡ್, ಪೋಸ್ಟ್‌ಗ್ರೆಸ್‌ನ ರ‍್ಯಾಂಡಮ್ ಎರಡೂ ಪ್ರತಿ ಸಾಲಿಗೂ ಹೊಸ ನಂಬರ್ ಕೊಡುತ್ತವೆ. ಅಲ್ಲಿಗೆ ಬರೆದ ಕ್ವೆರಿಯನ್ನು ತಂದು ಇಲ್ಲಿ ಅಂಟಿಸಿದವರು ಈ ಗುಂಡಿಗೆ ಬಿದ್ದೇ ಬೀಳುತ್ತಾರೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಸಾಲು ಸಾಲಿಗೂ ಬೇರೆ ಬೇರೆ ಬೇಕು ಅಂದರೆ ನ್ಯೂಐಡಿ ಬೇಕು, ನೀವು ಹೋದ ದಾರಿ ಸರಿಯಾಗೇ ಇತ್ತು.

ಈಗ ಆ 75 ಜನ. ನೀವು ಬರೆದಿರುವುದು ಹೆಚ್ಚುಕಡಿಮೆ ಹೀಗಿರಬೇಕು:

ಕೇಸ್ ಎಬಿಎಸ್(ಚೆಕ್‌ಸಮ್(ನ್ಯೂಐಡಿ())) % 4
ವೆನ್ 0 ದೆನ್ 'ಎ' ವೆನ್ 1 ದೆನ್ 'ಬಿ' ವೆನ್ 2 ದೆನ್ 'ಸಿ' ವೆನ್ 3 ದೆನ್ 'ಡಿ' ಎಂಡ್

ಚೆಕ್‌ಸಮ್ ಆ ನ್ಯೂಐಡಿಯನ್ನು ಒಂದು ನಂಬರ್ ಮಾಡುತ್ತದೆ, ಎಬಿಎಸ್ ಮೈನಸ್ ಚಿಹ್ನೆ ತೆಗೆಯುತ್ತದೆ, % 4 ಅಂದರೆ ನಾಲ್ಕರಿಂದ ಭಾಗಿಸಿದಾಗ ಉಳಿಯುವ ಶೇಷ. ಓದಿದರೆ ಏನೂ ತಪ್ಪು ಕಾಣುವುದಿಲ್ಲ. ಒಂದು ನಂಬರ್ ತೆಗೆ, 0 ಆದರೆ ಎ, 1 ಆದರೆ ಬಿ, ಅಷ್ಟೇ ಅಲ್ವಾ? ಆದರೆ ಸರ್ವರ್ ಇದನ್ನು ಒಳಗೊಳಗೇ ಬಿಡಿಸಿ ಬರೆದುಕೊಳ್ಳುತ್ತದೆ. ಕೇಸ್ ಪಕ್ಕದಲ್ಲಿ ನೀವು ಒಮ್ಮೆ ಬರೆದ ಆ ಲೆಕ್ಕವನ್ನು ಪ್ರತಿ ವೆನ್ ಮುಂದೆಯೂ ಒಂದೊಂದು ಸಲ ಹೊಸದಾಗಿ ಇಡುತ್ತದೆ. ಅಂದರೆ ಪ್ರತಿ ವೆನ್‌ಗೂ ಹೊಸ ನ್ಯೂಐಡಿ, ಹೊಸ ನಂಬರ್. 240 ಜನರಲ್ಲಿ ಮೊದಲ ನಂಬರ್ 0 ಬರುವುದು ಕಾಲು ಭಾಗಕ್ಕೆ, 60 ಜನ ಎ ಆದರು. ಉಳಿದ 180 ಜನರಿಗೆ ಇನ್ನೊಂದು ಹೊಸ ನಂಬರ್. ಅದು 1 ಆಗಿದೆಯಾ ಅಂತ ನೋಡಿದರೆ ಅವರಲ್ಲಿ ಕಾಲು ಭಾಗ, 45. ಉಳಿದ 135ರಲ್ಲಿ ಸುಮಾರು 34 ಸಿ. ಉಳಿದ 101ರಲ್ಲಿ ಸುಮಾರು 25 ಡಿ. ನಾಲ್ಕೂ ಬಾಗಿಲು ದಾಟಿ ಎಲ್ಲೂ ಸೇರದೆ ಹೋದವರು ಸುಮಾರು 76. ನಿಮ್ಮ ಪಟ್ಟಿಯನ್ನು ಪಕ್ಕದಲ್ಲಿಟ್ಟು ನೋಡಿ, ಹೊಂದುತ್ತದೆ.

ಆ ನಲ್ ಬಂದದ್ದೇ ಪುಣ್ಯ ಅನ್ನಿ. ಕೊನೆಯ ವೆನ್ ಬದಲು ಎಲ್ಸ್ 'ಡಿ' ಅಂತ ಬರೆದಿದ್ದರೆ ಒಂದೂ ಖಾಲಿ ಇರುತ್ತಿರಲಿಲ್ಲ, ಡಿ ಸೆಕ್ಷನ್‌ನಲ್ಲಿ ಮಾತ್ರ ನೂರು ಜನ ಕೂತಿರುತ್ತಿದ್ದರು, ಎಲ್ಲ 'ರ‍್ಯಾಂಡಮ್' ಅಂತ ನಂಬಿ ಲಿಸ್ಟ್ ನೋಟಿಸ್ ಬೋರ್ಡಿಗೆ ಹೋಗಿರುತ್ತಿತ್ತು. ಚೂಸ್ ಫಂಕ್ಷನ್ ಬಳಸಿದರೂ ಇದೇ ಕಥೆ, ಅದೂ ಒಳಗೆ ಕೇಸ್ ಆಗಿಯೇ ಓಡುವುದು. ನಂಬರನ್ನು ಒಳಗಿನ ಸಬ್‌ಕ್ವೆರಿಯಲ್ಲಿ ತೆಗೆದು ಹೊರಗೆ ಕೇಸ್ ಹಾಕಿದರೆ ಬಚಾವ್ ಅಂತ ಕೆಲವರು ಹೇಳುತ್ತಾರೆ. ನಂಬಬೇಡಿ. ಆಪ್ಟಿಮೈಜರ್ (ಕ್ವೆರಿ ಬೇಗ ಓಡುವಂತೆ ತಿದ್ದಿಕೊಳ್ಳುವ ಸರ್ವರ್‌ನ ಭಾಗ) ಎರಡನ್ನೂ ಒಂದು ಮಾಡಿ ಮತ್ತೆ ಅದೇ ಜಾಗಕ್ಕೆ ತಂದು ನಿಲ್ಲಿಸಬಹುದು. ಖಾತ್ರಿ ಬೇಕು ಅಂದರೆ ನಂಬರನ್ನು ಮೊದಲು ಒಂದು ಕಾಲಂಗೆ ಬರೆದು ಸೇವ್ ಮಾಡಿ. ಅಕ್ಷರ ಆಮೇಲೆ ಹಾಕಿದರಾಯಿತು.

ಹೇಗೂ ಈ ವಿಷಯ ಬಂತು, ಇನ್ನೊಂದು ಸಣ್ಣ ಮಾತು. ಎಬಿಎಸ್ ಒಳಗೆ ಚೆಕ್‌ಸಮ್ ಇಟ್ಟು ಹೊರಗೆ ಭಾಗಿಸುವುದು ಬಹಳ ಕಡೆ ಕಾಣುವ ಪದ್ಧತಿ. ಚೆಕ್‌ಸಮ್ ಅಪರೂಪಕ್ಕೆ ಮೈನಸ್ 2147483648 ಕೊಟ್ಟರೆ ಅದರ ಪ್ಲಸ್ ರೂಪ ಇಂಟಿಜರ್‌ನಲ್ಲಿ ಹಿಡಿಸುವುದಿಲ್ಲ, ಕ್ವೆರಿ ಎರರ್ ಹೊಡೆದು ನಿಲ್ಲುತ್ತದೆ. ಸಾಲಿಗೆ ಸುಮಾರು 429 ಕೋಟಿಯಲ್ಲಿ ಒಂದು ಸಲದ ಮಾತು, ನಿಮ್ಮ 240 ಸಾಲಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ದಿನಾ ರಾತ್ರಿ ಕೋಟಿಗಟ್ಟಲೆ ಸಾಲು ಓಡಿಸುವವರು ಮೊದಲು ಭಾಗಿಸಿ ಆಮೇಲೆ ಎಬಿಎಸ್ ಹಾಕಲಿ.

ಇನ್ನು 71, 58, 49, 62. ಇಲ್ಲಿ ಕ್ವೆರಿ ತಪ್ಪಿಲ್ಲ, ನಿರೀಕ್ಷೆ ತಪ್ಪು. ರ‍್ಯಾಂಡಮ್ ಅಂದರೆ ಸಮಸಮ ಬರಬೇಕು ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಪ್ರತಿ ವಿದ್ಯಾರ್ಥಿಗೂ ಬೇರೆಯಾಗಿ ಒಂದು ನಂಬರ್ ತೆಗೆದಾಗ ಒಬ್ಬರಿಗೆ ಏನು ಬಂತು ಅನ್ನುವುದು ಇನ್ನೊಬ್ಬರಿಗೆ ಗೊತ್ತೇ ಇರುವುದಿಲ್ಲ. ಎ ತುಂಬಿದೆ, ಸಾಕು ಮಾಡಿ ಅಂತ ಹೇಳುವವರು ಯಾರೂ ಇಲ್ಲ. 240 ಜನ, 4 ಗುಂಪು ಅಂದರೆ ಸರಾಸರಿ 60. ಲೆಕ್ಕದ ಪ್ರಕಾರ ಒಂದು ಗುಂಪು 47ರಿಂದ 73ರವರೆಗೆ ಓಲಾಡುವುದು ಮಾಮೂಲು. ನಿಮ್ಮ 71, 49 ಎರಡೂ ಅದರೊಳಗೇ ಇವೆ. ಜನ ಲಕ್ಷಗಟ್ಟಲೆ ಇದ್ದರೆ ಈ ಏರುಪೇರು ಶೇಕಡಾವಾರು ಲೆಕ್ಕದಲ್ಲಿ ಕರಗಿಹೋಗುತ್ತದೆ, ಯಾರೂ ಕೇಳುವುದಿಲ್ಲ. 60 ಸೀಟಿನ ಲ್ಯಾಬಿನಲ್ಲಿ 11 ಜನ ನಿಂತುಕೊಂಡರೆ ಎಲ್ಲರೂ ಕೇಳುತ್ತಾರೆ.

ನಿಮಗೆ ಬೇಕಿರುವುದು ಇಸ್ಪೀಟ್ ಎಲೆ ಹಂಚುವ ರೀತಿ. ಮೊದಲು ಇಡೀ ಕಟ್ಟನ್ನು ಚೆನ್ನಾಗಿ ಕಲೆಸುವುದು, ಆಮೇಲೆ ಒಂದೊಂದಾಗಿ ನಾಲ್ವರಿಗೆ ಹಾಕುತ್ತಾ ಹೋಗುವುದು. ಯಾರಿಗೆ ಯಾವ ಎಲೆ ಅನ್ನುವುದು ರ‍್ಯಾಂಡಮ್, ಎಷ್ಟು ಎಲೆ ಅನ್ನುವುದು ಪಕ್ಕಾ. ಕ್ವೆರಿಯಲ್ಲಿ ಅದು ಹೀಗೆ:

ವಿತ್ ಹಂಚಿಕೆ ಆ್ಯಸ್ (
ಸೆಲೆಕ್ಟ್ ಸೆಕ್ಷನ್, ರೋ_ನಂಬರ್() ಓವರ್ (ಆರ್ಡರ್ ಬೈ ನ್ಯೂಐಡಿ()) ಆ್ಯಸ್ ಕ್ರಮ
ಫ್ರಮ್ ವಿದ್ಯಾರ್ಥಿ )
ಅಪ್‌ಡೇಟ್ ಹಂಚಿಕೆ ಸೆಟ್ ಸೆಕ್ಷನ್ = ಕ್ರಮ % 4 + 1

ಇಷ್ಟೇ. ನ್ಯೂಐಡಿ ಪ್ರಕಾರ ಸಾಲುಗಳನ್ನು ಜೋಡಿಸಿ 1ರಿಂದ 240ರವರೆಗೆ ಕ್ರಮಸಂಖ್ಯೆ ಕೊಡುತ್ತದೆ, ಅದನ್ನು ನಾಲ್ಕರಿಂದ ಭಾಗಿಸಿ ಉಳಿದ ಶೇಷಕ್ಕೆ ಒಂದು ಸೇರಿಸುತ್ತದೆ. 1 ಅಂದರೆ ಎ, 2 ಅಂದರೆ ಬಿ, ಹೀಗೆ. 60, 60, 60, 60 ಬರುತ್ತದೆ. ಜನ 242 ಇದ್ದರೂ ಗುಂಪುಗಳ ನಡುವೆ ಒಬ್ಬರಿಗಿಂತ ಜಾಸ್ತಿ ವ್ಯತ್ಯಾಸ ಬರುವುದಿಲ್ಲ. ಇದೇ ಕೆಲಸಕ್ಕೆ ಎನ್‌ಟೈಲ್(4) ಕೂಡ ಇದೆ, ಅದೂ ಚೆನ್ನ. ಎರಡೂ ಎಸ್‌ಕ್ಯೂಎಲ್ ಸರ್ವರ್ 2005ರಿಂದಲೇ ಇವೆ. ಮೈಎಸ್‌ಕ್ಯೂಎಲ್‌ನವರಿಗೆ ಇವು ಸಿಕ್ಕಿದ್ದು 8.0ರಲ್ಲಿ, ಹಳೇ 5.7 ಇಟ್ಟುಕೊಂಡವರಿಗೆ ಇಲ್ಲ. ಒಂದು ಎಚ್ಚರಿಕೆ: ನ್ಯೂಐಡಿ ಜಾಗದಲ್ಲಿ ನ್ಯೂಸೀಕ್ವೆನ್ಷಿಯಲ್‌ಐಡಿ ಬಗ್ಗೆ ಯೋಚಿಸಬೇಡಿ. ಹೆಸರೇ ಹೇಳುವಂತೆ ಅದು ಸಾಲಾಗಿ ಏರುವ ನಂಬರ್, ಕಲೆಸಿದ್ದಲ್ಲ.

ಇಷ್ಟೆಲ್ಲ ಯಾಕೆ, ಅಡ್ಮಿಷನ್ ನಂಬರನ್ನೇ ನಾಲ್ಕರಿಂದ ಭಾಗಿಸಿದರೆ ಆಗಲ್ವಾ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಸಮಸಮ ಬರುತ್ತದೆ, ನಿಜ. ಆದರೆ ಅದು ರ‍್ಯಾಂಡಮ್ ಅಲ್ಲ. ಮುಂದೆ ಯಾರಿಗೆ ಯಾವ ಸೆಕ್ಷನ್ ಬರುತ್ತದೆ ಅಂತ ಕೌಂಟರ್ ಮುಂದೆ ಕ್ಯೂ ನಿಂತವರಿಗೇ ಹೇಳಬಹುದು. ಜೊತೆಯಲ್ಲಿ ಬಂದು ಒಬ್ಬರ ಹಿಂದೆ ಒಬ್ಬರು ಸೇರಿದ ಗೆಳೆಯರು ಯಾವತ್ತೂ ಬೇರೆ ಬೇರೆ ಸೆಕ್ಷನ್‌ಗೇ ಹೋಗುತ್ತಾರೆ. ಇನ್ನು ನಂಬರನ್ನು 1ರಿಂದ 60 ಎ, 61ರಿಂದ 120 ಬಿ ಅಂತ ಕತ್ತರಿಸುವುದಂತೂ ಬೇಡವೇ ಬೇಡ. ಸಿಇಟಿಯ ಮೊದಲ ಸುತ್ತಿನಲ್ಲಿ ಬಂದವರು ಮೇಲೆ, ಕೊನೆಯಲ್ಲಿ ಬಂದವರು ಕೆಳಗೆ ಇರುತ್ತಾರೆ, ರ‍್ಯಾಂಕ್ ಪ್ರಕಾರ ಸೆಕ್ಷನ್ ಮಾಡಿದ ಹಾಗೇ ಆಯಿತು.

ಹುಡುಗಿಯರ ವಿಷಯ ನೀವು ಕೇಳಿಲ್ಲ, ಆದರೆ 84 ಅಂತ ಬರೆದಿದ್ದೀರಿ, ಅಂದರೆ ಮನಸ್ಸಿನಲ್ಲಿದೆ. ಮೇಲಿನ ಕ್ವೆರಿಯಲ್ಲಿ ಒಟ್ಟು ಸಂಖ್ಯೆ ಸಮ ಬರುತ್ತದೆ, ಹುಡುಗಿಯರ ಸಂಖ್ಯೆ ಅಲ್ಲ. ಸೆಕ್ಷನ್‌ಗೆ 21 ಅಂತ ಅಂದುಕೊಂಡರೆ ಒಂದರಲ್ಲಿ 15, ಇನ್ನೊಂದರಲ್ಲಿ 27 ಬಂದರೂ ಆಶ್ಚರ್ಯವಿಲ್ಲ. ಅದು ಬೇಡ ಅಂದರೆ ಮೊದಲೇ ಕ್ವೆರಿಗೆ ಹೇಳಬೇಕು. ಎಲ್ಲರೂ ಹೇಳಿಕೊಡುವ ದಾರಿ ಪಾರ್ಟಿಷನ್ ಬೈ ಲಿಂಗ. ಹುಡುಗಿಯರನ್ನು ಬೇರೆ, ಹುಡುಗರನ್ನು ಬೇರೆ ಕಲೆಸಿ ಹಂಚುತ್ತದೆ. ನಿಮ್ಮ 84, 156 ಎರಡೂ ನಾಲ್ಕರಿಂದ ಭಾಗವಾಗುವುದರಿಂದ ತೊಂದರೆ ಇಲ್ಲ. ಆದರೆ ನಾಳೆ ಐದು ಬ್ರಾಂಚ್ ಕೂಡ ಸಮ ಇರಲಿ ಅಂತ ಪ್ರಿನ್ಸಿಪಾಲರು ಹೇಳಿದರೆ? ಐದು ಬ್ರಾಂಚ್, ಎರಡು ಲಿಂಗ, ಹತ್ತು ಡಬ್ಬಿ. ಪ್ರತಿ ಡಬ್ಬಿಯಲ್ಲೂ ಭಾಗ ಮಾಡಿ ಮಿಕ್ಕ ಒಬ್ಬಿಬ್ಬರು ಪ್ರತಿ ಸಲವೂ ಅದೇ ಸೆಕ್ಷನ್‌ಗೆ ಹೋಗಿ ಬೀಳುತ್ತಾರೆ, ಎನ್‌ಟೈಲ್ ಆದರೆ ಒಂದನೆಯದಕ್ಕೆ. ಹತ್ತು ಡಬ್ಬಿಯಲ್ಲೂ ಮಿಕ್ಕರೆ ಎ ಸೆಕ್ಷನ್‌ಗೆ ಡಿಗಿಂತ ಹತ್ತು ಜನ ಜಾಸ್ತಿ. ಮತ್ತೆ ಲ್ಯಾಬಿನಲ್ಲಿ ಜಗಳ.

ನಾನು ಮಾಡುವುದು ಬೇರೆ. ಪಾರ್ಟಿಷನ್ ಬಿಟ್ಟು ಆರ್ಡರ್ ಬೈ ಬ್ರಾಂಚ್, ಲಿಂಗ, ನ್ಯೂಐಡಿ() ಅಂತ ಬರೆಯುತ್ತೇನೆ. ಬ್ರಾಂಚ್ ಪ್ರಕಾರ, ಅದರೊಳಗೆ ಲಿಂಗದ ಪ್ರಕಾರ ಸಾಲು ನಿಲ್ಲುತ್ತದೆ, ಪ್ರತಿ ಡಬ್ಬಿಯ ಒಳಗೆ ಮಾತ್ರ ಕಲೆಸಿರುತ್ತದೆ. ಕ್ರಮಸಂಖ್ಯೆ ಎಲ್ಲೂ ಕಡಿಯದೆ 1ರಿಂದ 240ರವರೆಗೆ ಓಡುತ್ತದೆ. ಒಂದು ಡಬ್ಬಿ ಎರಡನೇ ಸೆಕ್ಷನ್‌ಗೆ ಮುಗಿದರೆ ಮುಂದಿನದು ಮೂರನೆಯದರಿಂದ ಶುರು. ಹೀಗಾಗಿ ಯಾವ ಡಬ್ಬಿ ತೆಗೆದುಕೊಂಡರೂ ಸೆಕ್ಷನ್‌ಗಳ ನಡುವೆ ಒಬ್ಬರ ವ್ಯತ್ಯಾಸ, ಒಟ್ಟಿನಲ್ಲಿ ನೋಡಿದರೂ ಒಬ್ಬರದೇ. ಪಾರ್ಟಿಷನ್ ಬೈ ಅಂತ ಕ್ವೆರಿಯಲ್ಲಿ ಇಲ್ಲದ್ದರಿಂದ ನೋಡಿದವರಿಗೆ ಇದು ಹೊಳೆಯುವುದಿಲ್ಲ, ಕಾಮೆಂಟ್ ಬರೆದಿಡಿ. ಡಬ್ಬಿಗಳನ್ನು ಬಹಳ ಸಣ್ಣದು ಮಾಡಲು ಹೋಗಬೇಡಿ. ಜಿಲ್ಲೆ, ಮಾಧ್ಯಮ, ಕೋಟಾ ಎಲ್ಲ ಸೇರಿಸಿದರೆ ಡಬ್ಬಿಗೆ ಒಬ್ಬರೇ ಉಳಿಯುತ್ತಾರೆ, ಆಮೇಲೆ ಕಲೆಸುವುದಕ್ಕೆ ಏನೂ ಇರುವುದಿಲ್ಲ.

ಐವರಲ್ಲಿ ಮೂವರು ಒಟ್ಟಿಗೆ ಬಂದ ದೂರು. ನಾಲ್ಕೇ ಸೆಕ್ಷನ್, ಐದು ಜನ. ಇಬ್ಬರಾದರೂ ಒಟ್ಟಿಗೆ ಇರಲೇಬೇಕು, ಬೇರೆ ದಾರಿಯೇ ಇಲ್ಲ. ಯಾವುದಾದರೂ ಒಂದು ಸೆಕ್ಷನ್‌ನಲ್ಲಿ ಮೂವರು ಅಥವಾ ಇನ್ನೂ ಹೆಚ್ಚು ಜನ ಸೇರುವ ಸಾಧ್ಯತೆ ಲೆಕ್ಕ ಹಾಕಿ ನೋಡಿದೆ, ಸುಮಾರು ಶೇ. 40. ನಿಮ್ಮ 240 ಜನರಲ್ಲಿ ಇಂಥ ಎಷ್ಟು ಗುಂಪುಗಳಿರಬಹುದು ಯೋಚಿಸಿ. ಒಂದೇ ಊರು, ಒಂದೇ ಪಿಯು ಕಾಲೇಜು, ಒಂದೇ ಹಾಸ್ಟೆಲ್. ಹುಡುಕುವವರಿಗೆ ಎಲ್ಲಾದರೂ ಒಂದು ಕಡೆ ಸಿಕ್ಕೇ ಸಿಗುತ್ತದೆ. ಯಾರೂ ಎಲ್ಲೂ ಒಟ್ಟಿಗೆ ಸೇರದ ಲಿಸ್ಟ್ ಬಂದಿದ್ದರೆ ನನಗೆ ಅನುಮಾನ ಬರುತ್ತಿತ್ತು.

ಚೀಟಿ ಎತ್ತುವುದು ಹೆಚ್ಚು ಶುದ್ಧ ಅನ್ನುವುದೂ ಅಷ್ಟು ಸರಿಯಲ್ಲ. 1969ರ ಡಿಸೆಂಬರ್ 1ರಂದು ಅಮೆರಿಕದಲ್ಲಿ ವಿಯೆಟ್ನಾಂ ಯುದ್ಧಕ್ಕೆ ಯಾರನ್ನು ಮೊದಲು ಕರೆಯಬೇಕು ಅಂತ ಜನ್ಮದಿನಗಳ 366 ಚೀಟಿ ಎತ್ತಿದರು, ಟೀವಿಯಲ್ಲಿ ನೇರಪ್ರಸಾರ ಬೇರೆ. ಚೀಟಿಗಳನ್ನು ತಿಂಗಳ ಪ್ರಕಾರ ತುಂಬಿ ಸಾಕಷ್ಟು ಕಲೆಸಿರಲಿಲ್ಲ. ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರಿಗೆ ಮೊದಲು ಕರೆ ಬರುವ ನಂಬರ್‌ಗಳು ಜಾಸ್ತಿ ಬಿದ್ದವು. ಎಲ್ಲರ ಕಣ್ಣೆದುರೇ ನಡೆದದ್ದು ಅದು. ಕಂಪ್ಯೂಟರಿನ ರ‍್ಯಾಂಡಮ್ ನಿಜವಾದ ರ‍್ಯಾಂಡಮ್ ಅಲ್ಲ ಅನ್ನುವ ವಾದ ಗುಪ್ತಲಿಪಿಗೆ, ಜೂಜಿಗೆ ಮುಖ್ಯ. ಸೆಕ್ಷನ್ ಹಂಚಲು ನ್ಯೂಐಡಿ ಧಾರಾಳವಾಗಿ ಸಾಕು.

ಆದರೆ ಆ ಲೆಕ್ಚರರ್ ಮಾತಿನಲ್ಲಿ ಒಂದು ನ್ಯಾಯ ಇದೆ. ಚೀಟಿಯನ್ನು ಎಲ್ಲರೂ ನೋಡುತ್ತಾರೆ, ನಿಮ್ಮ ಕ್ವೆರಿಯನ್ನು ಯಾರೂ ನೋಡಿಲ್ಲ. ನ್ಯೂಐಡಿಯಲ್ಲಿ ಮಾಡಿದ್ದನ್ನು ಮತ್ತೆ ಮಾಡಿ ತೋರಿಸಲು ಆಗುವುದಿಲ್ಲ, ಅದಕ್ಕೆ ಬೀಜಸಂಖ್ಯೆ (ಸೀಡ್, ಅದನ್ನೇ ಕೊಟ್ಟರೆ ಮತ್ತೆ ಅದೇ ಸರಣಿ ಬರುವಂಥ ನಂಬರ್) ಕೊಡುವ ದಾರಿಯೇ ಇಲ್ಲ. ಇಲ್ಲೇ ನೀವು ಕೇಳಿದ 'ಸರಿಯಾಗಿ ಕಾಣುವವರೆಗೆ ರನ್ ಮಾಡಿದರೆ ತಪ್ಪಾ' ಅನ್ನುವುದೂ ಬರುತ್ತದೆ. ಹುಡುಗಿಯರು 19ರಿಂದ 23ರೊಳಗೆ ಇಲ್ಲದಿದ್ದರೆ ಮತ್ತೆ ಮಾಡುತ್ತೇವೆ ಅಂತ ಮೊದಲೇ ಬರೆದಿಟ್ಟು ಮಾಡಿದರೆ ತಪ್ಪಿಲ್ಲ. ಲಿಸ್ಟ್ ನೋಡಿ, ಹೆಸರು ನೋಡಿ, 'ಊಂ, ಇದು ಚೆನ್ನಾಗಿದೆ' ಅಂತ ಇಟ್ಟುಕೊಂಡರೆ ಆಯ್ಕೆ ಮಾಡಿದ್ದು ನೀವು, ನ್ಯೂಐಡಿ ಅಲ್ಲ. ಆಗ ಕೈಯಾಡಿಸಿದ್ದೀರಿ ಅಂದರೆ ಇಲ್ಲ ಅನ್ನಲು ನಿಮ್ಮ ಹತ್ತಿರ ಏನಿದೆ?

ಅದಕ್ಕೆ ನನ್ನ ಸಲಹೆ ಹ್ಯಾಷ್. ಆರ್ಡರ್ ಬೈ ನ್ಯೂಐಡಿ() ಇದ್ದ ಕಡೆ ಇದನ್ನು ಹಾಕಿ:

ಹ್ಯಾಷ್‌ಬೈಟ್ಸ್('ಶಾ2_256', ಕನ್‌ಕ್ಯಾಟ್(ಅಡ್ಮಿಷನ್_ನಂಬರ್, '-', 'ಗುಟ್ಟಿನ ಪದ'))

ಅಡ್ಮಿಷನ್ ನಂಬರಿಗೆ ಒಂದು ಪದ ಅಂಟಿಸಿ ಕಲೆಸಿದರೆ ಬರುವ ಉದ್ದ ಸಂಖ್ಯೆಗೂ ಮೂಲ ನಂಬರಿಗೂ ನೋಡಲು ಯಾವ ಸಂಬಂಧವೂ ಇರುವುದಿಲ್ಲ. ಆದರೆ ಅದೇ ನಂಬರ್, ಅದೇ ಪದ ಕೊಟ್ಟರೆ ಯಾವಾಗಲೂ ಅದೇ ಉತ್ತರ. ಯಾರು ಬೇಕಾದರೂ ಮತ್ತೆ ರನ್ ಮಾಡಿ ತಾಳೆ ನೋಡಬಹುದು. 'ಗುಟ್ಟಿನ ಪದ' ಅಂತ ಬರೆದೆ, ಅದು ಹಂಚುವವರೆಗೆ ಮಾತ್ರ ಗುಟ್ಟು, ಅದೂ ನಿಮಗೂ ಸೇರಿ. ಯಾಕೆಂದರೆ ಪದ ನೀವೇ ಆರಿಸುವಂತಿದ್ದರೆ ನೂರು ಪದ ಹಾಕಿ ನೋಡಿ ಬೇಕಾದವರು ಬೇಕಾದ ಕಡೆ ಬೀಳುವ ಪದವನ್ನು ಇಟ್ಟುಕೊಳ್ಳಬಹುದು. ಹಾಗಾಗಿ ಮೊದಲು 240 ಜನರ ಪಟ್ಟಿ, ಕ್ವೆರಿ ಎರಡನ್ನೂ ಪ್ರಿಂಟ್ ತೆಗೆದು ಸಹಿ ಹಾಕಿಸಿ. ಆಮೇಲೆ ಸ್ಟಾಫ್ ಮೀಟಿಂಗಿನಲ್ಲಿ ಆ ಲೆಕ್ಚರರ್ ಕೈಯಲ್ಲೇ ಆರು ಅಂಕಿಯ ಒಂದು ನಂಬರ್ ಚೀಟಿ ಎತ್ತಿಸಿ, ಅದನ್ನೇ ಪದವಾಗಿ ಹಾಕಿ ಅಲ್ಲೇ ರನ್ ಮಾಡಿ. ಅವರ ಚೀಟಿಯೂ ಆಯಿತು, ನಿಮ್ಮ ಕೆಲಸವೂ ಆಯಿತು. ಒಂದು ತಾಂತ್ರಿಕ ಕಿರಿಕಿರಿ: ವಾರ್‌ಚಾರ್ ಮತ್ತು ಎನ್‌ವಾರ್‌ಚಾರ್‌ಗೆ (ಅಕ್ಷರ ಇಡುವ ಎರಡು ಬಗೆಯ ಕಾಲಂ) ಹ್ಯಾಷ್ ಬೇರೆ ಬೇರೆ ಬರುತ್ತದೆ, ನಂಬರ್ ಹಿಂದೆ ಒಂದು ಸ್ಪೇಸ್ ಇದ್ದರೂ ಬದಲಾಗುತ್ತದೆ. ಕಾಲಂ ಯಾವ ಟೈಪ್ ಅಂತ ಕ್ವೆರಿಯ ಜೊತೆ ಬರೆದಿಡಿ, ಇಲ್ಲದಿದ್ದರೆ ತಾಳೆ ನೋಡುವ ದಿನ ಗಾಬರಿಯಾಗುತ್ತೀರಿ.

ಲಿಸ್ಟ್ ಪ್ರತಿ ಸಲ ಬದಲಾಗುತ್ತದೆ ಅಂದಿರಿ. ಸೆಲೆಕ್ಟ್‌ನಲ್ಲೋ ವ್ಯೂನಲ್ಲೋ ನ್ಯೂಐಡಿ ಇದ್ದರೆ ತೆರೆದಾಗಲೆಲ್ಲ ಹೊಸದಾಗಿ ಕಲೆಸುತ್ತದೆ. ಅಪ್‌ಡೇಟ್ ಮಾಡಿ ಕಾಲಂನಲ್ಲಿ ಬರೆದರೆ ಮುಗಿಯಿತು. ಆ್ಯಕ್ಸೆಸ್ ಬಳಸುವವರಿಗೆ ಈ ಕಾಟ ಇನ್ನೂ ಜಾಸ್ತಿ. ಅಲ್ಲಿ ಆರ್‌ಎನ್‌ಡಿ ಫಂಕ್ಷನ್‌ಗೆ ಯಾವುದಾದರೂ ಫೀಲ್ಡ್ ಕೊಡದಿದ್ದರೆ ಎಲ್ಲ ಸಾಲಿಗೂ ಒಂದೇ ನಂಬರ್, ಕೊಟ್ಟರೆ ಸ್ಕ್ರೋಲ್ ಮಾಡುವಾಗಲೂ ಬದಲಾಗುತ್ತಿರುತ್ತದೆ. ಸಾಲದ್ದಕ್ಕೆ ರ‍್ಯಾಂಡಮೈಜ್ ಕರೆಯದಿದ್ದರೆ ಪ್ರತಿ ಸಲ ಆ್ಯಕ್ಸೆಸ್ ತೆರೆದಾಗ ಅದೇ ಹಳೇ ಸರಣಿ ಶುರು. ರನ್ ಮಾಡುವ ಮೊದಲು ಬಿಗಿನ್ ಟ್ರಾನ್ ಹಾಕಿ, ಸೆಕ್ಷನ್‌ವಾರು ಕೌಂಟ್ ನೋಡಿ, ಸರಿ ಇದ್ದರೆ ಕಮಿಟ್ ಕೊಟ್ಟು ಖಾಯಂ ಮಾಡಿ. ವಿದ್ಯಾರ್ಥಿ ಟೇಬಲನ್ನು ಫೀಸ್ ಟೇಬಲ್ ಜೊತೆ ಜಾಯಿನ್ ಮಾಡಿ ಹಂಚಬೇಡಿ. ಎರಡು ಕಂತು ಕಟ್ಟಿದವರು ಎರಡು ಸಾಲಾಗಿ ಬಂದು ಎರಡು ಸೆಕ್ಷನ್‌ನಲ್ಲಿ ಕಾಣಿಸಿಕೊಳ್ಳುತ್ತಾರೆ.

ಹಂಚಿದ ಮೇಲೆ ತಡವಾಗಿ ಸೇರುವವರು ಬಂದರೆ ಇಡೀ ಕ್ವೆರಿಯನ್ನು ಮತ್ತೆ ಓಡಿಸಬೇಡಿ, ಎಲ್ಲರ ಸೆಕ್ಷನ್ ಅಲ್ಲಾಡಿಹೋಗುತ್ತದೆ. ಸೆಕ್ಷನ್ ನಲ್ ಇರುವವರನ್ನು ಮಾತ್ರ ತೆಗೆದುಕೊಂಡು, ಕಡಿಮೆ ಜನ ಇರುವ ಸೆಕ್ಷನ್‌ಗೆ ಹಾಕಿ. ಎರಡು ಸೆಕ್ಷನ್ ಸಮ ಇದ್ದರೆ ಅಲ್ಲಿ ನ್ಯೂಐಡಿ ತೀರ್ಮಾನಿಸಲಿ.

ಕೊನೆಗೆ ಅವಳಿ ಅಕ್ಕ ತಂಗಿಯರು. ಹಂಚಿದ ಮೇಲೆ ಒಬ್ಬರನ್ನು ಎತ್ತಿ ಇನ್ನೊಬ್ಬರ ಪಕ್ಕ ಕೂರಿಸಿದರೆ ಮರುದಿನ ಇನ್ನೂ ನಾಲ್ಕು ಅರ್ಜಿ ಬರುತ್ತವೆ. ಕೊಡುವುದಾದರೆ ಮೊದಲೇ ನಿಯಮ ಮಾಡಿ, ಒಡಹುಟ್ಟಿದವರಿಗೆ ಮಾತ್ರ ಅಂತ. ಹಂಚುವಾಗ ಇಬ್ಬರಲ್ಲಿ ಅಡ್ಮಿಷನ್ ನಂಬರ್ ಚಿಕ್ಕದಿರುವವರನ್ನು ಮಾತ್ರ ಪಟ್ಟಿಯಲ್ಲಿ ಬಿಡಿ. ಅವರಿಗೆ ಯಾವ ಸೆಕ್ಷನ್ ಬರುತ್ತದೋ ಅದೇ ಇನ್ನೊಬ್ಬರಿಗೂ. 239 ಜನರನ್ನು ಹಂಚಿ ಒಬ್ಬರನ್ನು ಆಮೇಲೆ ಸೇರಿಸಿದಾಗ ಒಂದು ಸೆಕ್ಷನ್‌ನಲ್ಲಿ 61, ಇನ್ನೊಂದರಲ್ಲಿ 59 ಆಗಬಹುದು. ಆ 61ನೆಯವರಿಗೆ ಲ್ಯಾಬಿನಲ್ಲಿ ಒಂದು ಸ್ಟೂಲ್ ಹಾಕಿಸಲು ಈಗಲೇ ಹೇಳಿಡಿ.